ಬೇಹುಗಾರನ ನಾಲಿಗೆ



ಜರ್ಮನಿ ಎರಡಾಗಿದ್ದ ಕಾಲ. ಪಶ್ಚಿಮ ಜರ್ಮನಿಯ ಸೇನೆಯಲ್ಲಿ ಕಡ್ಡಾಯ ಸೇವೆ ಮಾಡುತ್ತಿದ್ದ ಯೋರ್ಗ್ ವಿಂಗರ್ ಎಂಬ ಹುಡುಗನಿಗೆ ರೇಡಿಯೊ ಮುಂದೆ ಕೂರುವ ಕೆಲಸ ಸಿಕ್ಕಿತ್ತು. ಗಡಿಯಾಚೆ ಪೂರ್ವ ಜರ್ಮನಿಯಲ್ಲಿ ಬೀಡುಬಿಟ್ಟಿದ್ದ ಸೋವಿಯತ್ ಪಡೆಗಳ ಮಾತನ್ನು ಕದ್ದು ಕೇಳಬೇಕು. ಒಂದು ಕ್ರಿಸ್‌ಮಸ್ಸಿಗೆ ಆಚೆಯ ದನಿ ಈಚೆಯವರಿಗೆ ಹಬ್ಬದ ಶುಭಾಶಯ ಹೇಳಿತು. ಕೇಳುತ್ತ ಕೂತಿದ್ದವರ ಹೆಸರು ಹಿಡಿದು ಹೇಳಿತು. ತಮ್ಮೊಳಗೇ ಯಾರೋ ಒಬ್ಬ ಆಚೆಗೆ ಸುದ್ದಿ ಮುಟ್ಟಿಸುತ್ತಿದ್ದಾನೆ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ವಿಂಗರ್ ಮುಂದೆ ಟೆಲಿವಿಷನ್ ನಿರ್ಮಾಪಕರಾದರು. ಆ ನೆನಪೇ ಬೀಜವಾಗಿ, ಪತ್ನಿ ಆನ್ನಾ ವಿಂಗರ್ ಜೊತೆಗೂಡಿ ಅವರು ರೂಪಿಸಿದ ಧಾರಾವಾಹಿ ‘ಡಾಯ್ಚ್‌ಲಾಂಡ್ 83’. 2015ರಲ್ಲಿ ಅದು ಮೊದಲು ಅಮೆರಿಕದಲ್ಲಿ, ಆಮೇಲೆ ಜರ್ಮನಿಯಲ್ಲಿ ತೆರೆಗೆ ಬಂತು. ಅಮೆರಿಕದ ಚಾನೆಲ್ಲೊಂದು ಜರ್ಮನ್ ಧಾರಾವಾಹಿಯನ್ನು ಜರ್ಮನ್ ಭಾಷೆಯಲ್ಲೇ ಪ್ರಸಾರ ಮಾಡಿದ್ದು ಅದೇ ಮೊದಲು.

ಇಂಥ ಧಾರಾವಾಹಿಗಳು ಈಗ ನಮ್ಮ ಮನೆಯ ಪರದೆಗೂ ಬರುತ್ತಿವೆ. ಪರದೆಯ ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ನಾವು ಕಥೆ ಹಿಡಿಯುತ್ತೇವೆ. ಕಥೆಯೇನೋ ಸಿಗುತ್ತದೆ. ಆದರೆ ಆ ಸಾಲುಗಳಿಗೆ ದಾಟಿ ಬರಲಾಗದ ಸಂಗತಿ ಒಂದಿದೆ. ಅದು ಪಾತ್ರಗಳ ಬಾಯಲ್ಲಿದೆ, ಗೋಡೆಯ ಫಲಕದಲ್ಲಿದೆ, ಲಕೋಟೆಯ ಮೇಲಿನ ವಿಳಾಸದಲ್ಲಿದೆ. ಒಂದೇ ನುಡಿಯ ಜನ ನಲವತ್ತು ವರ್ಷ ಎರಡು ರಾಜ್ಯಗಳಾಗಿ ಬದುಕಿದಾಗ ಆ ನುಡಿಗೇ ಏನಾಯಿತು ಎಂಬ ಕಥೆ ಅದು. ನನ್ನ ಮಟ್ಟಿಗೆ ಜರ್ಮನ್ ಬೇಹುಗಾರಿಕೆಯ ಧಾರಾವಾಹಿಗಳ ನಿಜವಾದ ಜೀವ ಅಲ್ಲಿದೆ. ಪಿಸ್ತೂಲು, ಕಾರು ಓಡಾಟಗಳು ಎಲ್ಲ ದೇಶದ ಕಥೆಗಳಲ್ಲೂ ಇರುತ್ತವೆ.

‘ಡಾಯ್ಚ್‌ಲಾಂಡ್ 83’ರ ನಾಯಕ ಮಾರ್ಟಿನ್ ರೌಖ್ ಪೂರ್ವ ಜರ್ಮನಿಯ ಗಡಿ ಕಾವಲಿನ ಯುವಕ. ಅವನ ಚಿಕ್ಕಮ್ಮ ಲೆನೋರಾ ಪೂರ್ವದ ವಿದೇಶ ಗುಪ್ತಚರ ವಿಭಾಗದವಳು. ತಾಯಿಗೆ ಮೂತ್ರಪಿಂಡದ ಕಾಯಿಲೆ. ಚಿಕಿತ್ಸೆಯ ಸಾಲಿನಲ್ಲಿ ಅವಳ ಹೆಸರು ಮುಂದೆ ಬರಬೇಕಾದರೆ ಮಗ ಗಡಿ ದಾಟಬೇಕು. ಅವನನ್ನು ಪಶ್ಚಿಮದ ಒಬ್ಬ ಸೇನಾಧಿಕಾರಿಯ ಹೆಸರಿನಲ್ಲಿ, ಮೋರಿಟ್ಸ್ ಷ್ಟಾಮ್ ಆಗಿ, ಒಬ್ಬ ಜನರಲ್‌ನ ಸಹಾಯಕನ ಜಾಗಕ್ಕೆ ಸೇರಿಸುತ್ತಾರೆ. ಅಲ್ಲಿಗೆ ಕಳಿಸುವ ಮೊದಲು ತರಬೇತಿ ಕೊಡುತ್ತಾರಲ್ಲ, ಆ ತರಬೇತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಭಾಷಾಪಾಠ. ‘ಪ್ಲಾಸ್ಟೆ’ ಅನ್ನಬೇಡ, ‘ಪ್ಲಾಸ್ಟಿಕ್’ ಅನ್ನು. ‘ಕೌಫ್‌ಹಾಲೆ’ ಅನ್ನಬೇಡ, ‘ಸೂಪರ್‌ಮಾರ್ಕ್ಟ್’ ಅನ್ನು. ಎರಡೂ ಜರ್ಮನ್ ಮಾತುಗಳೇ. ಒಂದು ಅವನು ಹುಟ್ಟಿ ಬೆಳೆದ ಮಾತು, ಇನ್ನೊಂದು ಅವನ ಪ್ರಾಣ ಉಳಿಸುವ ಮಾತು.

ಇದು ಕಥೆಗಾರರು ಕಟ್ಟಿದ್ದಲ್ಲ. 1949ರಿಂದ 1990ರವರೆಗೆ ಎರಡು ಜರ್ಮನಿಗಳು ಪ್ರತ್ಯೇಕವಾಗಿ ಬದುಕಿದವು. ಅಷ್ಟರಲ್ಲಿ ವ್ಯಾಕರಣ ಒಡೆಯಲಿಲ್ಲ. ಅಂಗಡಿ, ಕಚೇರಿ, ಕಾರ್ಖಾನೆ, ಮನೆ ಇವುಗಳ ಸುತ್ತಲಿನ ಪದಗಳು ಬೇರೆಯಾದವು. ವಾಹನ ಚಾಲನೆಯ ಪರವಾನಗಿಗೆ ಪಶ್ಚಿಮದಲ್ಲಿ ‘ಫ್ಯೂರರ್‌ಶೈನ್’, ಪೂರ್ವದ ಕಾಗದಪತ್ರಗಳಲ್ಲಿ ‘ಫಾರ್‌ಎರ್‌ಲೌಬ್ನಿಸ್’. ಪಶ್ಚಿಮದವರ ಮೂರು ಕೋಣೆಯ ಮನೆ ‘ಡ್ರೈ-ಟ್ಸಿಮ್ಮರ್’, ಪೂರ್ವದಲ್ಲಿ ಅದೇ ಮನೆ ‘ಡ್ರೈ-ರೌಮ್’. ಬಾಹ್ಯಾಕಾಶಕ್ಕೆ ಹೋದವನು ಪಶ್ಚಿಮದಲ್ಲಿ ಆಸ್ಟ್ರೋನಾಟ್, ಪೂರ್ವದಲ್ಲಿ ಕಾಸ್ಮೋನಾಟ್. ಸುಟ್ಟ ಕೋಳಿಗೆ ಪೂರ್ವದವರು ‘ಬ್ರಾಯ್ಲರ್’ ಎನ್ನುತ್ತಿದ್ದರು. ಕೋಳಿಯಂಗಡಿಗೆ ಹೋಗುವ ನಮಗೆ ಬಲು ಪರಿಚಿತವಾದ ಈ ಇಂಗ್ಲಿಷ್ ಪದವನ್ನು ಅಮೆರಿಕದ ಮಿತ್ರರಾದ ಪಶ್ಚಿಮದವರು ಹಿಡಿಯಲಿಲ್ಲ, ಸಮಾಜವಾದಿ ಪೂರ್ವದವರು ಹಿಡಿದರು. ಪದಗಳು ರಾಜಕೀಯದ ಗೆರೆಯನ್ನು ಅನುಸರಿಸಿಯೇ ಹೋಗುತ್ತವೆ ಎಂದು ನಂಬಬೇಡಿ. ‘ಪ್ಲಾಸ್ಟೆ’ಯಂತೂ ಪಶ್ಚಿಮದವರಿಗೂ ಗೊತ್ತಿದ್ದ ಮಾತು. ಪಶ್ಚಿಮ ಬರ್ಲಿನ್ನಿಗೆ ಹೋಗಿಬರುವ ಹೆದ್ದಾರಿಯ ಪಕ್ಕ, ಶ್ಕೋಪೌ ಊರಿನ ರಾಸಾಯನಿಕ ಕಾರ್ಖಾನೆಯ ದೊಡ್ಡ ಜಾಹೀರಾತು ಆ ಪದವನ್ನು ಹೊತ್ತು ನಿಂತಿತ್ತು. ಕಾರಿನಲ್ಲಿ ಹಾದುಹೋದವರೆಲ್ಲ ಅದನ್ನು ಓದಿದ್ದರು. ಹಾಗಾಗಿ ಜನರಲ್‌ನ ಊಟದ ಮೇಜಿನ ಬಳಿ ಒಬ್ಬ ಯುವ ಅಧಿಕಾರಿ ‘ಪ್ಲಾಸ್ಟೆ’ ಎಂದುಬಿಟ್ಟರೆ ಕೇಳಿದವರಿಗೆ ಅರ್ಥವಾಗುತ್ತದೆ. ಅರ್ಥವಾಗುವುದೇ ಅಪಾಯ.

ಮೈಸೂರಿನಲ್ಲಿ ಹುಟ್ಟಿದೆ ಎಂದು ಹೇಳಿಕೊಂಡವನು ಮರೆತು ಒಮ್ಮೆ ‘ಬರ್ತೇನ್ರಿ’ ಅಂದರೆ ನಮ್ಮ ಕಿವಿ ನೆಟ್ಟಗಾಗುವುದಿಲ್ಲವೆ? ಅವನು ಧಾರವಾಡದ ಕಡೆಯವನಿರಬೇಕು ಎಂದು ಪ್ರೀತಿಯಿಂದಲೇ ಅಂದುಕೊಂಡು ಸುಮ್ಮನಾಗುತ್ತೇವೆ. ಮಾರ್ಟಿನ್‌ನ ಲೋಕದಲ್ಲಿ ಅಂಥ ಗುರುತಿಸುವಿಕೆ ಸೆರೆಮನೆಗೆ ದಾರಿ.

ಪದಕ್ಕಿಂತ ಸೂಕ್ಷ್ಮವಾದದ್ದು ಕರೆಯುವ ರೀತಿ. ಪೂರ್ವದ ಸೇನೆಯಲ್ಲಿ ಮೇಲಧಿಕಾರಿಯನ್ನು ‘ಗೆನೋಸ್ಸೆ’ ಎಂದು, ಅಂದರೆ ಕಾಮ್ರೇಡ್ ಎಂದು, ಹುದ್ದೆಯ ಜೊತೆ ಸೇರಿಸಿ ಕರೆಯಬೇಕು. ಪಶ್ಚಿಮದ ಸೇನೆಯಲ್ಲಿ ‘ಹೆರ್’. ವರ್ಷಗಟ್ಟಲೆ ಸೆಲ್ಯೂಟು ಹೊಡೆಯುವಾಗಲೆಲ್ಲ ಬಾಯಿಗೆ ಬಂದ ಮಾತು ಅದು. ಎಚ್ಚರ ತಪ್ಪಿದ ಗಳಿಗೆಯಲ್ಲಿ ಮೊದಲು ಹೊರಬೀಳುವುದೂ ಅದೇ. ಪೂರ್ವದ ಅಧಿಕಾರಿಗಳ ಕೋಣೆಗಳ ದೃಶ್ಯ ಬಂದಾಗ ಇನ್ನೊಂದನ್ನೂ ಗಮನಿಸಿ. ಕಾಮ್ರೇಡ್ ಎಂದು ಕರೆಯುತ್ತಲೇ ಏಕವಚನವೋ ಬಹುವಚನವೋ ಎಂಬುದರಲ್ಲಿ ಯಾರು ಮೇಲು, ಯಾರು ಹತ್ತಿರ ಎಂಬುದೆಲ್ಲ ತಿಳಿಯುತ್ತದೆ. ಜರ್ಮನ್ನಿನ ‘ಡೂ’ ಮತ್ತು ‘ಜೀ’ ನಮ್ಮ ನೀನು, ನೀವುಗಳಂತೆಯೇ ಇರುವುದರಿಂದ ನಮಗೆ ಇದು ಬೇಗ ಹಿಡಿಯುತ್ತದೆ. ಇಂಗ್ಲಿಷ್ ಸಾಲುಗಳು ಎರಡನ್ನೂ ಒಂದೇ ಮಾಡಿ ನಮ್ಮ ಮುಂದಿಡುತ್ತವೆ. ಅಷ್ಟರಲ್ಲಿ ಯಾವುದೋ ಅಧಿಕಾರಿ ನೀವು ಬಿಟ್ಟು ನೀನು ಹಿಡಿದಿರುತ್ತಾನೆ, ಆ ಸಂಬಂಧವೇ ಬದಲಾಗಿರುತ್ತದೆ.

ರಾಜ್ಯಗಳ ಹೆಸರೂ ಹೀಗೆಯೇ. ‘ಬೇ ಎರ್ ಡೇ’ ಎಂಬ ಮೂರಕ್ಷರದ ಸಂಕ್ಷೇಪ ಪಶ್ಚಿಮ ಜರ್ಮನಿಯದೇ ಹೆಸರು. ಆದರೂ ಅದನ್ನು ಹೆಚ್ಚಾಗಿ ಬಳಸಿದ್ದು ಪೂರ್ವದ ಸರ್ಕಾರ. ಪಶ್ಚಿಮದ ಸರ್ಕಾರ ತನ್ನವರು ಅದನ್ನು ಬಳಸದಿರಲಿ ಎಂದು ಬಯಸುತ್ತಿತ್ತು. ಪಶ್ಚಿಮದವರ ಬಾಯಲ್ಲಿ ತಮ್ಮ ದೇಶ ‘ಬುಂಡೆಸ್‌ರೆಪುಬ್ಲಿಕ್’. ಅವರ ಷ್ಪ್ರಿಂಗರ್ ಸಂಸ್ಥೆಯ ಪತ್ರಿಕೆಗಳು ಪೂರ್ವ ಜರ್ಮನಿಯ ಹೆಸರನ್ನು 1989ರವರೆಗೂ ಉದ್ಧರಣ ಚಿಹ್ನೆಯ ಒಳಗಿಟ್ಟೇ ಅಚ್ಚು ಹಾಕಿದವು, ಅದೊಂದು ನಿಜವಾದ ದೇಶವಲ್ಲ ಎಂದು ಸಾರಲು. ಪೂರ್ವದವರು ‘ವೆಸ್ಟ್‌ಬರ್ಲಿನ್’ ಎಂದು ಒಂದೇ ಪದವಾಗಿ ಬರೆದರು, ಬರ್ಲಿನ್ನಿಗೆ ಸಂಬಂಧವೇ ಇಲ್ಲದ ಬೇರೊಂದು ಊರು ಎಂಬಂತೆ. ತಮ್ಮ ಭಾಗವನ್ನು ಬರ್ಲಿನ್ ಎಂದೇ ಕರೆದು ರಾಜಧಾನಿ ಎಂದು ಸೇರಿಸಿದರು. ಪಶ್ಚಿಮದ ಸರ್ಕಾರವಿದ್ದ ಬಾನ್ ನಗರದಲ್ಲಿ ಪೂರ್ವದವರು ಇಟ್ಟುಕೊಂಡಿದ್ದ ಕಚೇರಿ ರಾಯಭಾರ ಕಚೇರಿಯಲ್ಲ, ‘ಶಾಶ್ವತ ಪ್ರತಿನಿಧಿ ಕಚೇರಿ’. ಪೂರ್ವವನ್ನು ಪರದೇಶವೆಂದು ಒಪ್ಪಿಕೊಳ್ಳಲು ಪಶ್ಚಿಮದವರಿಗೆ ಮನಸ್ಸಿರಲಿಲ್ಲವಾದ್ದರಿಂದ 1974ರಲ್ಲಿ ಹುಡುಕಿಕೊಂಡ ಹೆಸರದು. ಧಾರಾವಾಹಿಯ ಲೆನೋರಾ ಕೂತು ಕೆಲಸ ಮಾಡುವುದು ಅಲ್ಲಿಯೇ. ಅಂಥ ಕಚೇರಿಯನ್ನು ಪಾತ್ರವೊಂದು ರಾಯಭಾರ ಕಚೇರಿ ಎಂದು ಕರೆದುಬಿಟ್ಟರೆ ಇತಿಹಾಸ ಬಲ್ಲ ಜರ್ಮನರಿಗೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ.

ಇನ್ನು ಬೇಹುಗಾರ ಎಂಬ ಮಾತೇ ಇದೆಯಲ್ಲ. ಪೂರ್ವ ಜರ್ಮನಿಯ ಅಧಿಕೃತ ಭಾಷೆಯಲ್ಲಿ ಶತ್ರುವಿನ ಕಡೆಯವನು ‘ಏಜೆಂಟ್’, ತಮ್ಮವನು ‘ಕುಂಡ್‌ಶಾಫ್ಟರ್’, ಮುಂದೆ ಹೋಗಿ ದಾರಿ ನೋಡಿಕೊಂಡು ಬರುವವನು. ಕೆಲಸ ಎರಡೂ ಒಂದೇ. ಸಾಮಾನ್ಯ ಜನ ಮಾತ್ರ ಈ ನಾಜೂಕುಗಳಿಗೆ ಕಿವಿಗೊಡಲಿಲ್ಲ. ರಾಜ್ಯದ ಭದ್ರತಾ ಇಲಾಖೆ ಸ್ಟಾಸಿಗೆ ಅವರು ಇಟ್ಟ ಅಡ್ಡಹೆಸರು ‘ಹೋರ್ಶ್ ಉಂಡ್ ಗುಕ್’, ಆಲಿಸು ಮತ್ತು ಇಣುಕು. ಸರ್ಕಾರಿ ಕಾರ್ಖಾನೆಗಳ ಹೆಸರಿನ ಮುಂದೆ ಬರುವ ಮೂರಕ್ಷರಗಳನ್ನು ಅದಕ್ಕೂ ಅಂಟಿಸಿ, ಅದೂ ಒಂದು ಉದ್ಯಮವೆಂಬಂತೆ ಪಿಸುಗುಡುತ್ತಿದ್ದರು.

ಗಡಿಯಾರದ ವಿಷಯವನ್ನೂ ಹೇಳಬೇಕು. ಎಂಟೂಕಾಲು ಗಂಟೆಗೆ ಪಶ್ಚಿಮದ ಬಹುಪಾಲು ಕಡೆ ‘ಎಂಟರ ಮೇಲೆ ಕಾಲು’ ಎಂಬ ಧಾಟಿಯಲ್ಲಿ ಹೇಳುತ್ತಾರೆ. ಪೂರ್ವದಲ್ಲಿ ಅದೇ ಹೊತ್ತಿಗೆ ‘ಫಿಯರ್ಟೆಲ್ ನೊಯ್ನ್’, ಒಂಬತ್ತರ ಕಡೆಗಿನ ಕಾಲು. ಗೊತ್ತಿಲ್ಲದವನು ಅದನ್ನು ಒಂಬತ್ತೂಕಾಲು ಎಂದು ಕೇಳಿಸಿಕೊಂಡರೆ, ಉದ್ಯಾನದ ಬೆಂಚಿನ ಮೇಲೆ ಕಾಯುವವನು ಒಂದು ಗಂಟೆ ಕಾಯುತ್ತಾನೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಈ ರೂಢಿ ಜರ್ಮನಿಯ ನೈರುತ್ಯ ಭಾಗದಲ್ಲೂ ಇದೆ. ಅದು ಬರ್ಲಿನ್ ಗೋಡೆ ಕಟ್ಟಿದ ಮೇಲೆ ಹುಟ್ಟಿದ್ದಲ್ಲ, ಬಹಳ ಹಳೆಯದು. ಷ್ಟುಟ್‌ಗಾರ್ಟಿನ ಕಡೆಯ ಪ್ರಾಮಾಣಿಕ ಗುಮಾಸ್ತನೂ ಹಾಗೆಯೇ ಹೇಳಿಯಾನು. ಒಂದು ಮಾತು ಕೇಳಿ ತೀರ್ಪು ಕೊಡಬಾರದು ಎಂಬುದನ್ನು ಪ್ರತಿಬೇಹುಗಾರಿಕೆಯವರು ಬಲ್ಲರು. ಧಾರಾವಾಹಿ ನೋಡುವ ನಮಗೂ ಅದು ಬೇಕು.

ನಿಜವಾದ ಇತಿಹಾಸದಲ್ಲಿ ಪೂರ್ವದವರು ನಾಲಿಗೆಯ ಈ ತೊಡಕನ್ನು ಹೇಗೆ ದಾಟಿದರು? ಗ್ಯುಂಟರ್ ಗಿಯೋಮ್ ಮತ್ತು ಕ್ರಿಸ್ಟೆಲ್ ಎಂಬ ದಂಪತಿಯನ್ನು 1956ರಲ್ಲಿ ಪಶ್ಚಿಮಕ್ಕೆ ಕಳಿಸಿದ್ದು ನಿರಾಶ್ರಿತರ ವೇಷದಲ್ಲಿ. ಬರ್ಲಿನ್ನಿನ ಗೋಡೆ ಏಳುವ ಮೊದಲು, 1949ರಿಂದ 1961ರೊಳಗೆ, ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನ ಪೂರ್ವ ಬಿಟ್ಟು ಪಶ್ಚಿಮಕ್ಕೆ ಹೋದರು. ಆ ಪ್ರವಾಹದಲ್ಲಿ ಇಬ್ಬರ ಮಾತು ಪೂರ್ವದ್ದಾಗಿದ್ದರೆ ಯಾರು ಅನುಮಾನಿಸುತ್ತಾರೆ? ಅವರು ತಮ್ಮ ನುಡಿಯನ್ನು ಬಚ್ಚಿಡಬೇಕಾಗಿಯೇ ಇರಲಿಲ್ಲ. ಗಿಯೋಮ್ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಚಾನ್ಸಲರ್ ವಿಲ್ಲಿ ಬ್ರಾಂಟ್ ಅವರ ಆಪ್ತ ಸಹಾಯಕನಾದ. ಅವನನ್ನು ಹಿಡಿದುಕೊಟ್ಟದ್ದು ರೇಡಿಯೊ. 1950ರ ದಶಕದಲ್ಲಿ ಪೂರ್ವ ಬರ್ಲಿನ್ನಿನಿಂದ ತನ್ನ ಬೇಹುಗಾರರಿಗೆ ಹೋಗುತ್ತಿದ್ದ ಸಂಕೇತ ಸಂದೇಶಗಳನ್ನು ಪಶ್ಚಿಮದವರು ಬಿಡಿಸಿಟ್ಟಿದ್ದರು. ಅವುಗಳಲ್ಲಿ ಹುಟ್ಟುಹಬ್ಬದ ಶುಭಾಶಯಗಳಿದ್ದವು. 1957ರ ಏಪ್ರಿಲ್‌ನಲ್ಲಿ ಒಂದು ಸಂದೇಶ ಮನೆಯ ‘ಎರಡನೆಯ ಗಂಡಸಿಗೆ’ ಅಭಿನಂದನೆ ಹೇಳಿತ್ತು. ಗಿಯೋಮ್ ದಂಪತಿಗೆ ಗಂಡುಮಗು ಹುಟ್ಟಿದ್ದು ಆ ತಿಂಗಳಲ್ಲೇ. ವರ್ಷಗಳ ಮೇಲೆ ಆ ಹಳೆಯ ಕಾಗದಗಳನ್ನೂ ಈ ಕುಟುಂಬದ ಹುಟ್ಟುಹಬ್ಬಗಳನ್ನೂ ಪಕ್ಕಪಕ್ಕ ಇಟ್ಟಾಗ ಎಲ್ಲ ತಾಳೆಯಾಯಿತು. 1974ರ ಏಪ್ರಿಲ್ 24ರಂದು ಬಂಧನ. ಮೇ ತಿಂಗಳ ಮೊದಲ ವಾರದಲ್ಲಿ ಬ್ರಾಂಟ್ ರಾಜೀನಾಮೆ. ತನ್ನವರ ಮೇಲಿನ ಅಕ್ಕರೆಯ ಒಂದು ಸಾಲು ಹದಿನೇಳು ವರ್ಷ ಕಾದು ಒಂದು ಸರ್ಕಾರದ ಮುಖ್ಯಸ್ಥನನ್ನು ಇಳಿಸಿದ್ದು ನನಗೆ ಇಂದಿಗೂ ನಡುಕ ಹುಟ್ಟಿಸುವ ಸಂಗತಿ.

ಈ ಪ್ರಸಂಗವನ್ನು ಜರ್ಮನ್ ಟೆಲಿವಿಷನ್ 2003ರಲ್ಲಿ ‘ಇಮ್ ಶಾಟನ್ ಡೆರ್ ಮಾಖ್ಟ್’, ಅಧಿಕಾರದ ನೆರಳಿನಲ್ಲಿ, ಎಂಬ ಎರಡು ಭಾಗದ ಚಿತ್ರವಾಗಿ ಮಾಡಿತು. ನಿರ್ದೇಶಕ ಓಲಿವರ್ ಷ್ಟೋರ್ಟ್ಸ್. ಅದರಲ್ಲಿ ಬೇಹುಗಾರ ಗಿಯೋಮ್‌ನ ಪಾತ್ರ ಮಾಡಿದವರು ಮಥಿಯಾಸ್ ಬ್ರಾಂಟ್, ವಿಲ್ಲಿ ಬ್ರಾಂಟ್ ಅವರ ಸ್ವಂತ ಮಗ. ಅಪ್ಪನನ್ನು ಉರುಳಿಸಿದವನ ದನಿಯನ್ನು ಮಗ ತನ್ನ ಗಂಟಲಲ್ಲಿ ತಂದುಕೊಂಡ. ಇಂಥ ಪಾತ್ರ ಹಂಚಿಕೆಯಲ್ಲಿ ಇತಿಹಾಸ ಎಷ್ಟು ಹತ್ತಿರ ಬಂದು ಕೂರುತ್ತದೆ ನೋಡಿ.

ಗೋಡೆ ಎದ್ದ ಮೇಲೆ ನಿರಾಶ್ರಿತನ ವೇಷದ ದಾರಿ ಬಹುಮಟ್ಟಿಗೆ ಮುಚ್ಚಿತು. ಆಗಲೇ ಬೇರೊಬ್ಬನ ಹೆಸರು, ಹುಟ್ಟಿದೂರು, ಶಾಲೆ ಎಲ್ಲವನ್ನೂ ತೊಟ್ಟುಕೊಂಡು ಹೋಗುವ ಪದ್ಧತಿಗೆ ಬೆಲೆ ಬಂದದ್ದು. ಬೇಹುಗಾರರ ಮಾತಿನಲ್ಲಿ ಅದಕ್ಕೆ ‘ಲೆಗೆಂಡೆ’ ಎನ್ನುತ್ತಾರೆ. ಜರ್ಮನಿಯಲ್ಲಿ ಮನೆ ಬದಲಿಸಿದವರೆಲ್ಲ ನಗರಸಭೆಯಲ್ಲಿ ಹೆಸರು ನೋಂದಾಯಿಸಬೇಕು. 1970ರ ದಶಕದಲ್ಲಿ ಪಶ್ಚಿಮದವರು ಈ ನೋಂದಣಿ ಪುಸ್ತಕಗಳನ್ನು ಜಾಲಾಡಿ ಇಂಥ ಎಷ್ಟೋ ಕಟ್ಟುಕಥೆಗಳನ್ನು ಹೊರಗೆಳೆದರು. ಪೂರ್ವದ ವಿದೇಶ ಗುಪ್ತಚರ ವಿಭಾಗ ಪಡೆದ ಅತ್ಯಂತ ಬೆಲೆಯುಳ್ಳ ಮಾಹಿತಿಗಳಲ್ಲಿ ಹಲವನ್ನು ಕೊಟ್ಟವರು ವೇಷಧಾರಿಗಳಲ್ಲ. ಪಶ್ಚಿಮದಲ್ಲೇ ಹುಟ್ಟಿ, ವಿದ್ಯಾರ್ಥಿ ದೆಸೆಯಲ್ಲೋ ಪ್ರೀತಿಯ ಬಲೆಯಲ್ಲೋ ಅವರ ಕಡೆ ಸೇರಿದವರು. ‘ಟೋಪಾಸ್’ ಎಂಬ ಗುಪ್ತನಾಮದ ರೈನರ್ ರುಪ್ ಅಂಥವನು. ಬ್ರಸೆಲ್ಸ್‌ನ ನೇಟೋ ಕೇಂದ್ರ ಕಚೇರಿಯೊಳಗೆ 1977ರಿಂದ ಕೂತಿದ್ದ. ಅವನ ನಾಲಿಗೆಗೆ ಯಾವ ಪಾಠವೂ ಬೇಕಿರಲಿಲ್ಲ.

ಹಾಗಾದರೆ ‘ಡಾಯ್ಚ್‌ಲಾಂಡ್ 83’ ಇತಿಹಾಸಕ್ಕೆ ದೂರವೇ? 1983ರ ನವೆಂಬರ್‌ನಲ್ಲಿ ನೇಟೋ ನಡೆಸಿದ ‘ಏಬಲ್ ಆರ್ಚರ್’ ಎಂಬ ಅಣುಯುದ್ಧದ ತಾಲೀಮು ನಿಜ. ಅದನ್ನು ನಿಜವಾದ ದಾಳಿಯ ಮುನ್ನುಡಿ ಎಂದು ಶಂಕಿಸಿ ಸೋವಿಯತ್ ಕಡೆಯವರು ಪೂರ್ವ ಜರ್ಮನಿಯಲ್ಲಿದ್ದ ವಿಮಾನಗಳನ್ನು ಸನ್ನದ್ಧಗೊಳಿಸಿದ್ದೂ ನಿಜ. ಜಗತ್ತು ಎಷ್ಟು ಅಂಚಿಗೆ ಹೋಗಿತ್ತು ಎಂಬುದರ ಬಗ್ಗೆ ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ. ಅದೇ ತಿಂಗಳ 22ರಂದು ಪಶ್ಚಿಮ ಜರ್ಮನಿಯ ಸಂಸತ್ತು ಅಮೆರಿಕದ ಪರ್ಶಿಂಗ್ ಕ್ಷಿಪಣಿಗಳಿಗೆ ಒಪ್ಪಿಗೆ ಕೊಟ್ಟಿತು; ಅದಕ್ಕೆ ತಿಂಗಳ ಮೊದಲು ಬಾನ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದಿದ್ದರು. ನೇಟೋಗೆ ದಾಳಿ ಮಾಡುವ ಉದ್ದೇಶವಿಲ್ಲ ಎಂದು ಆಗ ಪೂರ್ವಕ್ಕೆ ತಿಳಿಸಿದವರಲ್ಲಿ ಟೋಪಾಸ್ ಒಬ್ಬ. ಧಾರಾವಾಹಿ ಆ ಹೊರೆಯನ್ನು ಇಪ್ಪತ್ತರ ಹರೆಯದ ಮಾರ್ಟಿನ್‌ನ ಹೆಗಲಿಗೆ ವರ್ಗಾಯಿಸಿದೆ. ಇದು ನನಗೆ ಒಪ್ಪಿಗೆಯಾದ ಸ್ವಾತಂತ್ರ್ಯ. ಕಚೇರಿಯಲ್ಲಿ ಕೂತು ಕಾಗದದ ಫೋಟೊ ತೆಗೆಯುವ ಅಧಿಕಾರಿಯೊಳಗೆ ಎರಡು ಜರ್ಮನಿಗಳು ಜಗಳವಾಡುವುದು ಕಾಣುವುದಿಲ್ಲ. ಪ್ರತಿ ವಾಕ್ಯಕ್ಕೂ ಮುನ್ನ ತನ್ನ ಮಾತನ್ನೇ ಸೋಸಬೇಕಾದ ಹುಡುಗನೊಳಗೆ ಕಾಣುತ್ತದೆ.

ಮಾರ್ಟಿನ್ ಆಗಿ ನಟಿಸಿದ ಯೋನಸ್ ನಾಯ್ ಹುಟ್ಟಿದ್ದು 1990ರ ಸೆಪ್ಟೆಂಬರ್ 20ರಂದು, ಜರ್ಮನಿ ಮತ್ತೆ ಒಂದಾಗಲು ಎರಡು ವಾರವೂ ಉಳಿದಿರಲಿಲ್ಲ. ಊರು ಲ್ಯೂಬೆಕ್, ಗಡಿಯ ಅಂಚಿನಲ್ಲೇ ಇದ್ದ ಪಶ್ಚಿಮದ ನಗರ. ಪಶ್ಚಿಮದವನೆಂದು ನಟಿಸುವ ಪೂರ್ವದವನನ್ನು ಪಶ್ಚಿಮದ ನಟ ನಟಿಸಬೇಕು. ಅವನು ತಪ್ಪಾಗಿ ಬಾಯಿಬಿಡಬೇಕಾದ ಪದಗಳು ಅವನ ಮನೆಯಲ್ಲಿ ಯಾರೂ ಆಡದ ಪದಗಳು. ಸಾಲದ್ದಕ್ಕೆ ಆನ್ನಾ ವಿಂಗರ್ ಅಮೆರಿಕದವರು. ಚಿತ್ರಕಥೆಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದರು, ಯೋರ್ಗ್ ಅದನ್ನು ಜರ್ಮನ್‌ಗೆ ತಂದರು. ಇಷ್ಟು ಕೈ ದಾಟಿ ಬಂದ ಮಾತು ನೆಲದ ವಾಸನೆ ಉಳಿಸಿಕೊಳ್ಳುವುದು ಸುಲಭವಲ್ಲ.

ಅದಕ್ಕೇ ನನಗೆ ‘ವೈಸೆನ್‌ಸೇ’ ಇನ್ನೂ ಆಳವಾಗಿ ತಾಕುತ್ತದೆ. 2010ರಿಂದ 2018ರವರೆಗೆ ನಾಲ್ಕು ಸರಣಿಗಳಲ್ಲಿ ಜರ್ಮನಿಯ ಸಾರ್ವಜನಿಕ ವಾಹಿನಿ ಎಆರ್‌ಡಿಯಲ್ಲಿ ಬಂದ ಧಾರಾವಾಹಿ. ವೈಸೆನ್‌ಸೇ ಪೂರ್ವ ಬರ್ಲಿನ್ನಿನ ಒಂದು ಬಡಾವಣೆ. ಒಂದು ಮನೆ ಸ್ಟಾಸಿ ಅಧಿಕಾರಿ ಹನ್ಸ್ ಕುಪ್ಫರ್ ಅವರದು. ಇನ್ನೊಂದು ಮನೆ ಸರ್ಕಾರದ ಕಣ್ಣಿಗೆ ಮುಳ್ಳಾದ ಗಾಯಕಿ ಡುನ್ಯಾ ಹೌಸ್‌ಮನ್ ಅವರದು. ಅಧಿಕಾರಿಯ ಕಿರಿಯ ಮಗನಿಗೂ ಗಾಯಕಿಯ ಮಗಳಿಗೂ ಪ್ರೀತಿ. ಬರೆದವರು ಆನೆಟ್ ಹೆಸ್, ಪಶ್ಚಿಮದ ಹನೋವರ್‌ನವರು. ಆದರೆ ಹಲವು ಮುಖ್ಯ ಪಾತ್ರಗಳ ಬಾಯಿ ಪೂರ್ವದ್ದು. ಹನ್ಸ್ ಪಾತ್ರದ ಊವೆ ಕೊಕಿಷ್ ಹದಿಹರೆಯದಲ್ಲಿ ಪೂರ್ವ ಜರ್ಮನಿಯಿಂದ ಸಮುದ್ರದ ದಾರಿಯಲ್ಲಿ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದು ಸೆರೆಮನೆ ಕಂಡವರು. ಅಂಥವರು ಸ್ಟಾಸಿಯ ಸಮವಸ್ತ್ರ ತೊಟ್ಟಾಗ ಆ ದನಿಯಲ್ಲಿ ಕೇಳಿಬರುವ ತೂಕವನ್ನು ಯಾವ ಉಚ್ಚಾರಣೆಯ ಶಿಕ್ಷಕರೂ ಕಲಿಸಲಾರರು. ಡುನ್ಯಾ ಆಗಿರುವ ಕಾಟ್ರಿನ್ ಸಾಸ್ ಕೂಡ ಆ ದೇಶದಲ್ಲೇ ನಟಿಯಾಗಿ ಬೆಳೆದವರು.

‘ವೈಸೆನ್‌ಸೇ’ಯಂಥ ಕಥೆಗಳಿಗೆ ಕಡತಗಳ ಬೆಂಬಲವೂ ಇದೆ. 1990ರ ಜನವರಿ 15ರಂದು ಜನ ಬರ್ಲಿನ್ನಿನ ನೋರ್ಮಾನನ್ ಬೀದಿಯ ಸ್ಟಾಸಿ ಕೇಂದ್ರ ಕಚೇರಿಗೆ ನುಗ್ಗಿದರು. ಒಟ್ಟಾರೆ ನೂರು ಕಿಲೋಮೀಟರಿಗೂ ಉದ್ದದ ಸಾಲಾಗುವಷ್ಟು ಕಡತ ಉಳಿಯಿತು. 1992ರ ಜನವರಿಯಿಂದ ಜನ ತಮ್ಮ ಮೇಲಿನ ಕಡತವನ್ನು ತಾವೇ ಓದತೊಡಗಿದರು. ಆ ಕಡತಗಳ ಭಾಷೆ ವಿಚಿತ್ರವಾದದ್ದು, ಭಯಂಕರವಾದದ್ದು. ವಿಚಾರಣೆಗೆ ಕರೆಯುವಾಗ ‘ಒಂದು ವಿಷಯದ ಸ್ಪಷ್ಟೀಕರಣಕ್ಕಾಗಿ’ ಎಂಬ ಸಿದ್ಧ ಮಾತು. ಕೇಳಲು ಎಷ್ಟು ಸಾದಾ! ಅದನ್ನು ಕೇಳಿದ ಮನೆಯವರ ಮುಖ ಬಿಳುಚಿಕೊಳ್ಳುತ್ತಿತ್ತು. ಒಬ್ಬನ ಕೆಲಸ, ಮದುವೆ, ಗೆಳೆತನ, ಆತ್ಮವಿಶ್ವಾಸ ಇವನ್ನು ಅವನಿಗೆ ತಿಳಿಯದಂತೆ ಒಂದೊಂದಾಗಿ ಕೆಡಿಸುವುದಕ್ಕೆ ‘ಟ್ಸೆರ್‌ಜೆಟ್ಸುಂಗ್’ ಎಂದು ಹೆಸರಿತ್ತು. ರಸಾಯನಶಾಸ್ತ್ರದಲ್ಲಿ ವಸ್ತುವೊಂದು ಒಡೆದು ಬಿಡಿಬಿಡಿಯಾಗುವುದಕ್ಕೆ ಹೇಳುವ ಮಾತು. 1976ರ ಇಲಾಖಾ ಆದೇಶದಲ್ಲಿ ಅದರ ವಿಧಾನಗಳನ್ನು ಬರೆದೇ ಇಟ್ಟಿದ್ದರು. ಧಾರಾವಾಹಿಯಲ್ಲಿ ಅಧಿಕಾರಿಯೊಬ್ಬ ಇಂಥ ಪದವನ್ನು ದನಿ ಏರಿಸದೆ, ಕಚೇರಿಯ ದಿನಚರಿಯಂತೆ ಉಚ್ಚರಿಸಿದಾಗ ಆ ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಎಂಬುದು ಒಮ್ಮೆಲೇ ತಿಳಿಯುತ್ತದೆ. ಕೂಗಾಡುವ ಖಳನಾಯಕನಿಂದ ಅದು ತಿಳಿಯುವುದಿಲ್ಲ.

ವಿದೇಶ ಬೇಹುಗಾರಿಕೆಯ ವಿಭಾಗದ ಕಥೆ ಬೇರೆ. ತನ್ನ ಕಡತಗಳನ್ನು ತಾನೇ ನಾಶಮಾಡಲು ಅದಕ್ಕೆ 1990ರಲ್ಲಿ ಅನುಮತಿ ಸಿಕ್ಕಿತು, ಅದು ಬಹುಪಾಲು ಸುಟ್ಟಿತು, ಚೂರು ಮಾಡಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಮುಖ್ಯಸ್ಥನಾಗಿದ್ದ ಮಾರ್ಕುಸ್ ವೋಲ್ಫ್ ‘ಮುಖವಿಲ್ಲದ ಮನುಷ್ಯ’ ಎಂದೇ ಹೆಸರಾಗಿದ್ದವನು. ಅವನ ಈಚಿನ ಒಂದು ಫೋಟೊ ಪಶ್ಚಿಮದವರಿಗೆ 1970ರ ದಶಕದ ಕೊನೆಯವರೆಗೂ ಸಿಕ್ಕಿರಲಿಲ್ಲ. ಬಾನುಲಿಯಲ್ಲಿ ಮಾತಾಡುತ್ತ ಇದನ್ನು ಹೇಳದೆ ಇರಲಾರೆ: ವೋಲ್ಫ್ ಮೊದಲು ರೇಡಿಯೊ ವರದಿಗಾರ. ಬರ್ಲಿನ್ ಬಾನುಲಿಗಾಗಿ ನ್ಯೂರೆಂಬರ್ಗ್ ವಿಚಾರಣೆಯನ್ನು ವರದಿ ಮಾಡಿದವನು. ಮುಖ ಬಚ್ಚಿಟ್ಟವನ ದನಿಯನ್ನು ಜರ್ಮನಿ ಎಂದೋ ಕೇಳಿತ್ತು. ಹೀಗೆ ವಿದೇಶ ವಿಭಾಗದ ಕಡತವಿಲ್ಲದ ಕಡೆ ಧಾರಾವಾಹಿಕಾರರು ಕಲ್ಪನೆಗೆ ಹೆಚ್ಚು ಜಾಗ ಮಾಡಿಕೊಂಡರೆ ಅದಕ್ಕೆ ಕಾರಣ ಅರ್ಥವಾಗುತ್ತದೆ.

ಪರದೆಯ ಮೇಲಿನ ವಸ್ತುಗಳತ್ತ ಸ್ವಲ್ಪ ಬರೋಣ. ಪಾದಚಾರಿಗಳ ದೀಪದಲ್ಲಿ ಟೋಪಿ ಹಾಕಿದ ಪುಟ್ಟ ಮನುಷ್ಯ ಇದ್ದಾನಲ್ಲ, 1961ರಲ್ಲಿ ಕಾರ್ಲ್ ಪೆಗ್ಲೌ ಎಂಬವರು ಪೂರ್ವಕ್ಕಾಗಿ ಬಿಡಿಸಿದ ಚಿತ್ರ ಅದು. ಇಂದು ಬರ್ಲಿನ್ನಿನ ಪಶ್ಚಿಮ ಭಾಗದಲ್ಲೂ ಅವನೇ ನಿಂತಿದ್ದಾನೆ. 1980ರ ಪಶ್ಚಿಮ ಬರ್ಲಿನ್ ಎಂದು ತೋರಿಸುವ ಬೀದಿಯಲ್ಲಿ ಅವನು ಕಂಡರೆ ತಪ್ಪಾಯಿತು. ಲಕೋಟೆಯ ಮೇಲಿನ ಪಿನ್‌ಕೋಡು ನೋಡಿ. 1993ರ ಜುಲೈಗೆ ಮೊದಲು ನಾಲ್ಕು ಅಂಕಿ, ಆಮೇಲೆ ಐದು. ಕಾಗುಣಿತದ ಸುಧಾರಣೆ ಜಾರಿಗೆ ಬಂದದ್ದು 1998ರಲ್ಲಿ. ಅದಕ್ಕೆ ಮುಂಚಿನ ಪತ್ರದಲ್ಲಿ ‘ಡಾಸ್’ ಎಂಬ ಸಂಯೋಜಕ ಪದದ ಕೊನೆಗೆ ಎರಡು ಎಸ್ ಇರಬಾರದು, ಜರ್ಮನ್ನರ ಕೊಂಕು ಬಾಲದ ಒಂಟಿ ಅಕ್ಷರ ಇರಬೇಕು. ಬರ್ಲಿನ್ನಿನ ರಾತ್ರಿಯ ಬೀದಿದೀಪಗಳ ಬಣ್ಣವೂ ಬೇರೆ. ಪೂರ್ವದಲ್ಲಿ ಹಳದಿ, ಪಶ್ಚಿಮದಲ್ಲಿ ಬಿಳುಪಿನ ಕಡೆಗೆ. 2013ರಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ತೆಗೆದ ಚಿತ್ರದಲ್ಲೂ ನಗರ ಎರಡು ಬಣ್ಣವಾಗಿಯೇ ಕಂಡಿತು. ಪೂರ್ವ ಜರ್ಮನಿಯ ದೃಶ್ಯಗಳಿಗೆ ಕಂದು ಛಾಯೆ ಬಳಿಯುವ ರೂಢಿ ಮಾತ್ರ ನನಗೆ ಹಿಡಿಸದು. ಅಲ್ಲಿನ ಜನ ಕಂದು ಬಣ್ಣದಲ್ಲಿ ಬದುಕಲಿಲ್ಲ. ಆ ದೇಶದ ವೋಲ್ಫನ್ ಕಾರ್ಖಾನೆ ತಯಾರಿಸಿದ ‘ಓರ್ವೋ’ ಫಿಲಮ್ಮಿನಲ್ಲಿ ನಮ್ಮ ದೇಶದ ಎಷ್ಟೋ ಸಿನಿಮಾಗಳು ಚಿತ್ರಿತವಾಗಿವೆ. ಹಳೆಯ ಚಿತ್ರಗಳ ಆರಂಭದ ಅಕ್ಷರಗಳಲ್ಲಿ ಆ ಹೆಸರನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ.

ದೀಪ, ಲಕೋಟೆಗಳ ತಪ್ಪನ್ನು ನಾನು ಕ್ಷಮಿಸುತ್ತೇನೆ. ಮಾತಿನ ಕಾಲ ತಪ್ಪಿದರೆ ಕ್ಷಮಿಸುವುದು ಕಷ್ಟ. ಇಂಗ್ಲಿಷಿನ ಅಚ್ಚಿನಲ್ಲಿ ಎರೆದ ‘ನಿಷ್ಟ್ ವಿರ್ಕ್ಲಿಶ್’, ಅಷ್ಟೇನೂ ಇಲ್ಲ, ಎಂಬ ಮಾರುತ್ತರ ಜರ್ಮನರ ಮಾತಿನಲ್ಲಿ ಹಬ್ಬಿದ್ದು ಈಚಿನ ದಶಕಗಳಲ್ಲಿ. ಅದು 1980ರ ಸ್ಟಾಸಿ ಅಧಿಕಾರಿಯ ಬಾಯಲ್ಲಿ ಬಂದರೆ ಅಲ್ಲಿಯವರೆಗೆ ಕಟ್ಟಿದ ಕಾಲವೆಲ್ಲ ಕುಸಿಯುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. 2006ರ ‘ಡಾಸ್ ಲೇಬನ್ ಡೆರ್ ಆಂಡರೆನ್’ ಸಿನಿಮಾದಲ್ಲಿ ಕದ್ದು ಕೇಳುವ ಸ್ಟಾಸಿ ಅಧಿಕಾರಿ ಮನಸ್ಸು ಕರಗಿ ತಾನು ಕೇಳುತ್ತಿದ್ದ ಬರಹಗಾರನನ್ನು ಕಾಪಾಡುತ್ತಾನೆ. ಹೋಹೆನ್‌ಶೋನ್‌ಹೌಸನ್ ಸೆರೆಮನೆಯ ಸ್ಮಾರಕದ ಅಂದಿನ ನಿರ್ದೇಶಕ ಹೂಬರ್ಟುಸ್ ಕ್ನಾಬೆ ತಮ್ಮ ಆವರಣದಲ್ಲಿ ಚಿತ್ರೀಕರಣಕ್ಕೆ ಒಪ್ಪಲಿಲ್ಲ. ಸ್ಟಾಸಿಯವನನ್ನು ನಾಯಕನನ್ನಾಗಿ ಮಾಡುವುದು ಅಲ್ಲಿ ನರಳಿದವರಿಗೆ ನೋವುಂಟುಮಾಡುತ್ತದೆ ಎಂಬುದು ಅವರ ನಿಲುವು. ಆ ಚಿತ್ರದ ಉಪಕರಣಗಳು, ಕೋಣೆಗಳು, ಉಡುಪು ಎಲ್ಲ ಅತ್ಯಂತ ನಿಖರ. ನಟ ಉಲ್ರಿಷ್ ಮ್ಯೂಹೆ ಸ್ವತಃ ಬರ್ಲಿನ್ ಗೋಡೆಯ ಕಾವಲು ಕಾದವರು. ಆದರೂ ನಾನು ಕ್ನಾಬೆ ಅವರ ಪಕ್ಷ. ಚಿತ್ರದಲ್ಲಿರುವ ಹಾಗೆ ಒಬ್ಬನೇ ಕದ್ದು ಕೇಳುವವನೂ ವಿಚಾರಣೆ ಮಾಡುವವನೂ ಆಗದಂತೆ ಆ ಇಲಾಖೆ ಕೆಲಸವನ್ನು ಹಂಚಿಟ್ಟಿತ್ತು. ಒಬ್ಬನ ಒಳ್ಳೆಯತನಕ್ಕೆ ಜಾಗ ಸಿಗದಿರಲಿ ಎಂಬುದಕ್ಕೂ ಅಂಥ ಹಂಚಿಕೆ ಒದಗುತ್ತದೆ. ಟೈಪ್‌ರೈಟರಿನ ಮಾದರಿ ಸರಿಯಿದ್ದು ಇದೊಂದು ತಪ್ಪಿದರೆ ನಿಖರತೆ ಯಾವುದಕ್ಕೆ?

ಪೂರ್ವ ಜರ್ಮನಿಯೂ ಬೇಹುಗಾರಿಕೆಯ ಧಾರಾವಾಹಿ ಮಾಡಿತ್ತು ಎಂಬುದನ್ನು ಮರೆಯಬಾರದು. 1973ರಿಂದ 1979ರವರೆಗೆ ಬಂದ ‘ಡಾಸ್ ಉನ್‌ಜಿಷ್ಟ್‌ಬಾರೆ ವಿಜೀರ್’, ಸ್ಟಾಸಿಯ ಸಹಕಾರದಲ್ಲೇ ತಯಾರಾದದ್ದು. ಪಶ್ಚಿಮದಲ್ಲಿ ವೇಷ ಮರೆಸಿಕೊಂಡ ಕುಂಡ್‌ಶಾಫ್ಟರ್ ಆಗಿ ಆರ್ಮಿನ್ ಮ್ಯುಲರ್-ಷ್ಟಾಲ್ ಮನೆಮಾತಾದರು. ಅಲ್ಲಿ ಪೂರ್ವದವರು ಪಶ್ಚಿಮದ ಮಾತನ್ನು ಊಹಿಸಿ ಆಡುವುದನ್ನು ಕೇಳಬಹುದು, ಇಂದಿನ ಧಾರಾವಾಹಿಗಳಿಗೆ ತಿರುವುಮುರುವಾದ ಪಾಠ. 1976ರಲ್ಲಿ ಹಾಡುಗಾರ ವೋಲ್ಫ್ ಬೀರ್‌ಮನ್ ಅವರನ್ನು ದೇಶ ಸೇರಗೊಡದೆ ಪೌರತ್ವ ಕಿತ್ತುಕೊಂಡಾಗ ಮ್ಯುಲರ್-ಷ್ಟಾಲ್ ಪ್ರತಿಭಟನೆಯ ಪತ್ರಕ್ಕೆ ಸಹಿ ಹಾಕಿದರು. ಕೆಲಸ ಒಣಗಿತು. 1980ರಲ್ಲಿ ಅವರೂ ಪಶ್ಚಿಮಕ್ಕೆ ಹೋದರು, ಈ ಬಾರಿ ಯಾವ ವೇಷವೂ ಇಲ್ಲದೆ.

ನನಗೆ ತಿಳಿದಂತೆ ಯಾರೂ ಇನ್ನೂ ಮಾಡದ ಧಾರಾವಾಹಿಯೊಂದಕ್ಕಾಗಿ ನನಗೆ ಆಸೆಯಿದೆ. ಗೋಡೆ ಬಿದ್ದ ದಿನಗಳಲ್ಲಿ ಸ್ಟಾಸಿಯವರು ಯಂತ್ರಗಳು ಕೆಟ್ಟು ಸಾಲದಾದಾಗ ಕಾಗದಗಳನ್ನು ಕೈಯಿಂದಲೇ ಹರಿದು ಚೀಲಗಳಿಗೆ ತುಂಬಿದರು. ಸುಮಾರು 16,000 ಚೀಲ. 1995ರಿಂದ ನ್ಯೂರೆಂಬರ್ಗ್ ಬಳಿಯ ಟ್ಸಿರ್ನ್‌ಡೋರ್ಫ್ ಎಂಬ ಊರಿನಲ್ಲಿ ಒಂದಿಷ್ಟು ಸರ್ಕಾರಿ ನೌಕರರು ಮೇಜಿನ ಮುಂದೆ ಕೂತು ಆ ಚೂರುಗಳನ್ನು ಹೊಂದಿಸತೊಡಗಿದರು. ಟ್ಸಿರ್ನ್‌ಡೋರ್ಫ್ ಇರುವುದು ಪಶ್ಚಿಮದ ಬವೇರಿಯಾದಲ್ಲಿ. ಹರಿದ ಅಂಚು, ಶಾಯಿಯ ಬಣ್ಣ, ಟೈಪ್‌ರೈಟರಿನ ಅಕ್ಷರ, ಒಂದು ಪದದ ಅರ್ಧ ನೋಡಿ ಇನ್ನರ್ಧ ಎಲ್ಲಿದೆ ಎಂದು ಹುಡುಕಬೇಕು. ಹಾಗೆ ಹುಡುಕಬೇಕಾದರೆ ಆ ಇಲಾಖೆಯ ಮಾತು, ಅದರ ಸಂಕ್ಷೇಪಗಳು, ಅದರ ಸಿದ್ಧ ವಾಕ್ಯಗಳು ಬಾಯಿಪಾಠವಾಗಬೇಕು. ಬವೇರಿಯಾದ ಗುಮಾಸ್ತರು ಪೂರ್ವ ಬರ್ಲಿನ್ನಿನ ಬೇಹುಗಾರಿಕೆಯ ಭಾಷೆಯನ್ನು ಚೂರು ಚೂರಾಗಿ ಕಲಿಯುವ ಕಥೆ. ‘ವೈಸೆನ್‌ಸೇ’ ಮಾಡಿದವರಿಗೆ ಅದನ್ನು ಮಾಡುವ ಶಕ್ತಿ ಇದೆ.